ಶಾಲೆ ರಸ್ತೆಯ ಎಪ್ಪತ್ತೊಂದು

ಆಫೀಸಿನಲ್ಲಿ ಅವಳಿಗೆ ಅಳತೆ ಅಕ್ಕ ಎಂದೇ ಹೆಸರು. ಬಟ್ಟೆ ಹೊಲಿಯುವವಳಲ್ಲ, ಅವಳು ಅಳೆಯುವುದು ವೇಗವನ್ನು. ರಸ್ತೆ ಇಲಾಖೆಯ ಹಳೆಯ ಬೂದು ವ್ಯಾನನ್ನು ಮರದ ಕೆಳಗೆ ನಿಲ್ಲಿಸಿಕೊಂಡು, ಹಿಂಬದಿಯ ಗಾಜಿನ ಪರದೆ ಸಂದಿಯಿಂದ ಕೂದಲು ಒಣಗಿಸುವ ಯಂತ್ರದಂಥ ಒಂದು ಉಪಕರಣವನ್ನು ರಸ್ತೆಯತ್ತ ಹಿಡಿದು, ಅದರಲ್ಲಿ ಮೂಡಿದ ಅಂಕಿಯನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು. ದಂಡ ಹಾಕುವಂತಿಲ್ಲ, ಬೈಯುವಂತಿಲ್ಲ. ಹನ್ನೊಂದು ವರ್ಷ ಹೀಗೆ ಬರೆದೂ ಬರೆದೂ ಅವಳ ಎದೆಯಲ್ಲಿ ಭಯವೊಂದು ಮನೆ ಮಾಡಿಕೊಂಡಿತ್ತು. ಉಳಿದವರು ಕಾರು ಕಂಡರೆ ಅದರ ಬಣ್ಣ ನೋಡುತ್ತಾರೆ. ಅವಳ ಕಣ್ಣಿಗೆ ಬೀಳುತ್ತಿದ್ದುದು, ಬ್ರೇಕ್ ಒತ್ತಿದ ಮೇಲೂ ಅದು ನಿಲ್ಲದೆ ಓಡುವ ದೂರ. ವೇಗ ಎರಡರಷ್ಟಾದರೆ ಆ ದೂರ ನಾಲ್ಕರಷ್ಟಾಗುತ್ತದೆ ಎಂದು ತಿಳಿದ ದಿನದಿಂದ ಅವಳು ಗಂಡನ ತೋಳು ಹಿಡಿಯದೆ ರಸ್ತೆ ದಾಟಿದವಳಲ್ಲ. ಆತ ಉಗುರಿನ ಗುರುತು ತೋರಿಸಿ ಗೊಣಗುತ್ತಿದ್ದ.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಅಳೆಯುವವರು ಯಾರ ಕಣ್ಣಿಗೂ ಬೀಳಬಾರದು. ಬಿದ್ದರೆ ಎಲ್ಲರೂ ಪೊಲೀಸರೆಂದುಕೊಂಡು ಇದ್ದಕ್ಕಿದ್ದಂತೆ ಸಾಧುಗಳಾಗಿಬಿಡುತ್ತಾರೆ, ಆ ದಿನದ ಹಾಳೆ ಹರಿದುಹಾಕಬೇಕಾಗುತ್ತದೆ. ನೂರು ವಾಹನಗಳನ್ನು ಅಳೆಯಬೇಕು. ಅವುಗಳಲ್ಲಿ ಎಂಬತ್ತೈದು ಯಾವ ವೇಗದೊಳಗೆ ಹೋಗುತ್ತವೋ ಅದೇ ಆ ರಸ್ತೆಗೆ ತಕ್ಕ ಮಿತಿ ಎಂಬುದು ಇಂಜಿನಿಯರರ ಲೆಕ್ಕ. ಅವರೇನೂ ಕಲ್ಲೆದೆಯವರಲ್ಲ. "ನೋಡಮ್ಮ, ಯಾರೂ ನಂಬದ ಬೋರ್ಡು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಒಂದು ಬೋರ್ಡನ್ನ ನಂಬ್ದೇ ಇದ್ದೋರು ಇನ್ನೊಂದನ್ನೂ ನಂಬಲ್ಲ" ಎನ್ನುತ್ತಿದ್ದರು. ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಈ ವಾರ ಅವಳ ಪಾಲಿಗೆ ಬಂದದ್ದು ಮಗಳ ಶಾಲೆಯ ರಸ್ತೆ. ಬೋರ್ಡಿನಲ್ಲಿ ನಲವತ್ತು ಎಂದಿತ್ತು. ಹಾಳೆ ತುಂಬಿ ಲೆಕ್ಕ ಮೇಲಧಿಕಾರಿಗಳಿಗೆ ಹೋದರೆ, ಜನ ಓಡಿಸುವ ವೇಗಕ್ಕೆ ತಕ್ಕಂತೆ ಬೋರ್ಡಿನ ಮೇಲೆ ಅರವತ್ತು ಬರೆಯುತ್ತಾರೆ. ಒಂಬತ್ತು ವರ್ಷದ ಮಗಳು ದಿನಾ ಹೋಗಿಬರುವ ದಾರಿಯಲ್ಲಿ ಅರವತ್ತು.

ಗಂಡ ಗಡಿಯಾರ ರಿಪೇರಿ ಮಾಡುವವನು. ಊಟಕ್ಕೆ ಕೂತರೆ ಒಂದು ಗಂಟೆ, ಶರ್ಟಿನ ಗುಂಡಿ ಹಾಕಲು ಹತ್ತು ನಿಮಿಷ, ಅಷ್ಟು ನಿಧಾನದ ಮನುಷ್ಯ. ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವುದು ಅವನ ಪಾಲಿನ ಕೆಲಸ. ಫೋನಿನ ಸಮಯ ಅವನಿಗೆ ಲೆಕ್ಕಕ್ಕಿಲ್ಲ. ಅಡುಗೆಮನೆ ಗೋಡೆಯ ಮೇಲೆ ತಾನೇ ಬಿಚ್ಚಿ, ಎಣ್ಣೆ ಹಾಕಿ ಕೂಡಿಸಿದ ಗಡಿಯಾರವಿದೆಯಲ್ಲ, ಅದು ಹೇಳಿದ್ದೇ ವೇದವಾಕ್ಯ. ಎಂಟೂವರೆಗೆ ಗೇಟು ಮುಚ್ಚುವ ಶಾಲೆಗೆ ಕೊನೇ ಗಳಿಗೆಯಲ್ಲಿ ಹೊರಡುವುದು ಅವನ ಅಭ್ಯಾಸ. ಅದೇ ಅವಳ ಹೆದರಿಕೆ. ಹಿಂದಿನ ದಿನ ಸಂಜೆ ಅವನು ಸ್ನಾನಕ್ಕೆ ಹೋಗಿದ್ದಾಗ ಅವಳು ಸ್ಟೂಲು ಹತ್ತಿ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಳ್ಳಿದಳು. ಬೇಗ ಹೊರಟರೆ ನಿಧಾನ ಹೋಗುತ್ತಾರೆ, ಅಷ್ಟೇ ಅವಳ ಲೆಕ್ಕಾಚಾರ. ಬೆಳಿಗ್ಗೆ ಅವರಿಬ್ಬರಿಗಿಂತ ಮೊದಲೇ ಕೆಲಸಕ್ಕೆ ಹೊರಟಾಗ ಮನಸ್ಸಿಗೆ ತುಸು ನೆಮ್ಮದಿಯೂ ಇತ್ತು.

ವ್ಯಾನಿನಲ್ಲಿ ಕೂತು ಬರೆಯತೊಡಗಿದಳು. ಐವತ್ತೆಂಟು, ಅರವತ್ತಮೂರು, ಐವತ್ತೊಂಬತ್ತು. ಹೋಗುತ್ತಿದ್ದವರಲ್ಲಿ ಒಬ್ಬರೂ ಪುಂಡರಂತೆ ಕಾಣಲಿಲ್ಲ. ಕನ್ನಡಕದ ಅಜ್ಜ, ಗ್ಯಾಸ್ ಸಿಲಿಂಡರಿನ ಗಾಡಿ, ತಲೆಗೆ ಒದ್ದೆ ಟವೆಲು ಸುತ್ತಿಕೊಂಡೇ ಬಂದ ಹೆಂಗಸು. ಎರಡು ವರ್ಷದ ಕೆಳಗೆ ಇದೇ ಇಲಾಖೆ ರಸ್ತೆಯನ್ನು ಅಗಲ ಮಾಡಿ, ಕನ್ನಡಿಯಂತೆ ನುಣ್ಣಗೆ ಮಾಡಿತ್ತು. ರಸ್ತೆ ಓಡು ಎನ್ನುತ್ತದೆ, ಬೋರ್ಡು ಬೇಡ ಎನ್ನುತ್ತದೆ. ಪಾಪ, ಬೋರ್ಡಿನ ಮಾತು ಯಾರು ಕೇಳಬೇಕು?

ಎಂಟು ಹದಿನೆಂಟಕ್ಕೆ ದೂರದಲ್ಲಿ ಮಗಳ ಕೆಂಪು ಹೆಲ್ಮೆಟ್ ಕಂಡಿತು. ಪರವಾಗಿಲ್ಲ, ಬೇಗ ಹೊರಟಿದ್ದಾರೆ, ತನ್ನ ಉಪಾಯ ಫಲಿಸಿತು ಎಂದು ಅವಳಿಗೆ ನಗು ಬಂತು. ಅಭ್ಯಾಸಬಲದಿಂದ ಉಪಕರಣವನ್ನು ಅತ್ತ ಹಿಡಿದಳು.

ಎಪ್ಪತ್ತೊಂದು.

ಯಂತ್ರ ಕೆಟ್ಟಿರಬೇಕು ಎಂದುಕೊಳ್ಳುವಷ್ಟರಲ್ಲಿ ಸ್ಕೂಟರ್ ವ್ಯಾನಿನ ಪಕ್ಕದಲ್ಲೇ ಸುಂಯ್ಯೆಂದು ಹೋಯಿತು. ಮಗಳ ಚೀಲದ ಪಟ್ಟಿ ಗಾಳಿಗೆ ಹಾರುತ್ತಿತ್ತು. ಅವಳ ಕೈ ಫೋನಿಗೆ ಹೋಗಿ, ಅಲ್ಲೇ ನಿಂತಿತು. ಗಂಡ ಎಂಥ ಹೊತ್ತಿನಲ್ಲೂ ಅವಳ ಫೋನು ಎತ್ತುವವನು, ಒಂದು ಕೈಯನ್ನು ಹ್ಯಾಂಡಲ್‌ನಿಂದ ತೆಗೆದು ಜೇಬಿಗೆ ಹಾಕುತ್ತಾನೆ. ಮುಂದೆ ತಿರುವು ಬೇರೆ. ಫೋನು ಮಾಡಿದರೆ ತಾನೇ ಬೀಳಿಸಿದಂತಾಗುತ್ತದೆ. ಹಲ್ಲು ಕಚ್ಚಿಕೊಂಡು ಕೂತಳು.

ಆಗ ತಿರುವಿನ ಕಡೆಯಿಂದ ಟೈರು ಕಿರುಚಿದ ಸದ್ದು ಕೇಳಿಸಿತು. ಉದ್ದಕ್ಕೆ ಕಿರುಚಿ, ತಟ್ಟನೆ ನಿಂತಿತು.

ಬಾಗಿಲು ತೆಗೆದದ್ದು, ಇಳಿದದ್ದು ಅವಳಿಗೆ ನೆನಪಿಲ್ಲ. ಕೈಯಲ್ಲಿ ಉಪಕರಣ ಹಿಡಿದುಕೊಂಡೇ ರಸ್ತೆಯ ಅಂಚಿನಲ್ಲಿ ಓಡುತ್ತಿದ್ದಳು. ಚಪ್ಪಲಿ ಒಂದು ಎಲ್ಲೋ ಉಳಿಯಿತು. ಇಷ್ಟು ವರ್ಷ ಬರೆದ ಅಂಕಿಗಳೆಲ್ಲ ಈಗ ಒಂದೇ ಮೈಯ ಮೇಲೆ, ಒಂಬತ್ತು ವರ್ಷದ ಮೈಯ ಮೇಲೆ ಬಂದು ಬಿದ್ದವು ಅನ್ನಿಸಿತು. ದೇವರೇ ದೇವರೇ ಎನ್ನುತ್ತಿದ್ದವಳಿಗೆ ಮುಂದಿನ ಮಾತು ಹೊಳೆಯಲಿಲ್ಲ.

ತಿರುವಿನಲ್ಲಿ ಇಟ್ಟಿಗೆ ಲಾರಿಯೊಂದು ರಸ್ತೆಗೆ ಅಡ್ಡಡ್ಡ ನಿಂತಿತ್ತು. ಚಾಲಕ ಸ್ಟೀರಿಂಗಿಗೆ ಹಣೆ ಹಚ್ಚಿಕೊಂಡು ಕೂತಿದ್ದ. ಲಾರಿಯ ಮುಂದೆ ಏನೂ ಬಿದ್ದಿರಲಿಲ್ಲ. ಅವಳು ಬಗ್ಗಿ ಚಕ್ರದ ಕೆಳಗೂ ನೋಡಿದಳು. ಆಮೇಲೆ ತಲೆ ಎತ್ತಿದರೆ ಶಾಲೆಯ ಗೇಟಿನೊಳಗೆ ಸ್ಕೂಟರ್ ನಿಂತಿತ್ತು, ಮಗಳು ಹೆಲ್ಮೆಟ್ ತೆಗೆಯುತ್ತಿದ್ದಳು.

ಓಡಿಹೋಗಿ ಮಗಳ ತಲೆ, ಭುಜ, ಮೊಣಕಾಲು ಎಲ್ಲ ಮುಟ್ಟಿ ನೋಡಿದಳು. "ಅಮ್ಮಾ, ಲಾರಿ ನಮ್ಮ ಹಿಂದೇನೇ ನಿಂತ್ಹೋಯ್ತು, ಇಷ್ಟು ಹತ್ರ" ಎಂದು ಮಗಳು ಎರಡು ಅಂಗೈ ಹತ್ತಿರ ತಂದು ತೋರಿಸಿದಳು. ನಡುವೆ ಒಂದು ಪುಸ್ತಕ ಹಿಡಿಸುವಷ್ಟು ಜಾಗವಿತ್ತು.

ಗಂಡ ಮಾತ್ರ ಶಾಲೆಯ ಗೋಡೆ ಗಡಿಯಾರವನ್ನೇ ನೋಡುತ್ತಿದ್ದ. "ಇವ್ರ ಗಡಿಯಾರ ಹತ್ತು ನಿಮಿಷ ಹಿಂದಿದೆ. ಹೇಳ್ಬೇಕು ಇವ್ರಿಗೆ. ಮನೆ ಬಿಟ್ಟಾಗ್ಲೇ ನಮ್ಮದ್ರಲ್ಲಿ ಎಂಟೂ ಇಪ್ಪತ್ತೈದು, ನಾನಿಲ್ಲಿ ಗೇಟು ಮುಚ್ಚುತ್ತೆ ಅಂತ ಜೀವ ಕೈಲಿಟ್ಕೊಂಡು ಬಂದಿದೀನಿ."

ಅವಳಿಗೆ ಬೇರೆಯವರನ್ನು ಬೈಯಲು ದಾರಿಯೇ ಇರಲಿಲ್ಲ.

"ಅವ್ರದ್ದು ಸರಿಯಿದೆ ರೀ. ನಮ್ಮದನ್ನ ನಾನೇ ಮುಂದಿಟ್ಟೆ."

"ಯಾಕೆ?"

"ನೀವು ನಿಧಾನ ಬರ್ಲಿ ಅಂತ."

ಅವಳ ಕೈಯಲ್ಲಿದ್ದ ಉಪಕರಣದಲ್ಲಿ ಎಪ್ಪತ್ತೊಂದು ಇನ್ನೂ ಹೊಳೆಯುತ್ತಿತ್ತು. ಅದನ್ನು ನೋಡಿ, ಯಾರದಿದು ಎಂದು ಕೇಳಲು ಬಾಯಿ ತೆರೆದವನಿಗೆ ಮಗಳ ಮುಖ ನೋಡಿದೊಡನೆ ಅದು ತನ್ನದೇ ಎಂದು ತಿಳಿಯಿತು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಆ ಕೈಗಳಿಗೆ ತನ್ನ ಹೆಲ್ಮೆಟ್ಟಿನ ಪಟ್ಟಿ ಹಾಕಲು ಆಗಲಿಲ್ಲ, ಅವಳೇ ಹಾಕಿದಳು. ನಲವತ್ತರ ಮೇಲೆ ಹೋಗಲ್ಲ ಎಂದಷ್ಟೇ ಹೇಳಿ ಅಂಗಡಿಯ ಕಡೆ ಹೊರಟ.

ಮಾತು ಉಳಿಸಿಕೊಂಡ. ವ್ಯಾನಿನ ಕಡೆ ಮರಳುತ್ತ ಅವಳು ನೋಡುತ್ತಾಳೆ, ಬೋರ್ಡು ಹೇಳಿದಷ್ಟೇ ವೇಗದಲ್ಲಿ ಹೋಗುತ್ತಿದ್ದ ಅವನ ಬೆನ್ನ ಹಿಂದೆ ಏಳೆಂಟು ವಾಹನಗಳು ಹಾರ್ನ್ ಬಾರಿಸುತ್ತ ಅಂಟಿಕೊಂಡಿದ್ದವು. ಕಾರೊಂದು ಅವನ ಮೊಣಕೈಗೆ ತಾಗಿತೇನೋ ಎಂಬಂತೆ ಮುಂದಕ್ಕೆ ನುಗ್ಗಿತು. ಸ್ಕೂಟರ್ ತೂರಾಡಿ, ಹೇಗೋ ಸರಿಯಾಯಿತು. ಜೋರಾಗಿ ಹೋದರೂ ಸಾವು, ನಿಧಾನ ಹೋದರೂ ಸಾವು ಎಂದಾದರೆ ಮನುಷ್ಯ ಹೋಗುವುದಾದರೂ ಹೇಗೆ?

ವ್ಯಾನಿನ ಮೂಲೆಯಲ್ಲಿ ಮಡಚಿಟ್ಟಿದ್ದ ಹೊಳೆಯುವ ಹಳದಿ ಜಾಕೆಟ್ಟನ್ನು ತೊಟ್ಟುಕೊಂಡು, ಒಂದೇ ಚಪ್ಪಲಿಯಲ್ಲಿ, ಅವಳು ರಸ್ತೆಯಂಚಿಗೆ ಬಂದು ಉಪಕರಣವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಮೊದಲ ಕಾರಿನ ಮೂತಿ ತಗ್ಗಿತು, ಹಿಂದಿನದೂ ತಗ್ಗಿತು. ಐವತ್ತು, ನಲವತ್ತಮೂರು, ಮೂವತ್ತೊಂಬತ್ತು. ಅವಳು ತೋಳು ಇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಇಂಜಿನಿಯರರ ಫೋನು ಬಂತು. ಹಾಳೆ ಎಲ್ಲಿಗೆ ಬಂತು ಎಂದು ಕೇಳಿದರು.

"ಇವತ್ತಿನದು ಕೆಟ್ಟೋಯ್ತು ಸಾರ್. ಎಲ್ಲರ ಕಣ್ಣಿಗೂ ಬಿದ್ಬಿಟ್ಟೆ."

ಹೋಗಲಿ, ನಾಳೆ ಮತ್ತೆ ಕೂರು ಎಂದರು ಅವರು.

"ನಾಳೆನೂ ಬೀಳ್ತೀನಿ ಸಾರ್" ಎಂದಳು.