ವಿಜಯಮ್ಮ ಬಕೆಟ್ ಕೆಳಗಿಟ್ಟರು

ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದು ಹಾರ್ನ್ ಹೊಡೆದರೆ ವಸಂತ್ ಕುಂಜ್‌ನ ನಮ್ಮ ಬ್ಲಾಕಿನ ಗಂಡಸರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಹೆಂಗಸರು ಓಡುತ್ತಿದ್ದರು. ಎರಡು ಸಾವಿರದ ಆರು, ಏಳರ ಮಾತು ಇದು. ಸರ್ಕಾರ ಕಟ್ಟಿಸಿದ ಹಳೆಯ ಫ್ಲ್ಯಾಟುಗಳು, ಲಿಫ್ಟ್ ಇಲ್ಲ. ಮೋಟರ್ ಹಾಕಿದರೆ ನಲ್ಲಿಯಲ್ಲಿ ಗಾಳಿ ಬರುತ್ತಿತ್ತೇ ಹೊರತು ನೀರಲ್ಲ. ಟ್ಯಾಂಕರಿನ ಪೈಪಿನ ಉದ್ದ ನೆಲಮಹಡಿಗೇ ಮುಗಿಯುತ್ತಿತ್ತು. ಮೇಲಿನವರು ಹೊತ್ತುಕೊಂಡೇ ಹೋಗಬೇಕು.

ಮೂರನೇ ಮಹಡಿಯ ವಿಜಯಮ್ಮನವರಿಗೆ ಆಗ ಅರವತ್ತಮೂರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಅವರು ಮೆಟ್ಟಿಲು ಹತ್ತುವುದನ್ನು ನೆಲಮಹಡಿಯ ನನ್ನ ಬಾಗಿಲಲ್ಲಿ ನಿಂತು ವರ್ಷಗಟ್ಟಲೆ ನೋಡಿದ್ದೇನೆ. ಒಂದು ಸಲ ಅಲ್ಲ, ಮನೆಯ ಡ್ರಮ್ಮು ತುಂಬುವವರೆಗೆ. ನಿಮ್ಮ ವಯಸ್ಸೆಷ್ಟು ಎಂದು ಆಗ ಅವರನ್ನು ಯಾರೂ ಕೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರಲ್ಲ, ನಮ್ಮ ಪರಿಚಯವೂ ಆದದ್ದು ಟ್ಯಾಂಕರಿನ ಹತ್ತಿರವೇ. ಸಾಲಿನಲ್ಲಿ ನನ್ನ ಮುಂದೆ ನುಗ್ಗಿದ ಒಬ್ಬಳಿಗೆ ನಾನು ಕನ್ನಡದಲ್ಲಿ ಬೈದೆ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದರೆ ಇವರು. ತಿಪಟೂರು ಕಡೆಯವರು, ಹತ್ತೊಂಬತ್ತಕ್ಕೆ ಮದುವೆಯಾಗಿ ದೆಹಲಿಗೆ ಬಂದವರು. ಗಂಡ ನಾರಾಯಣಸ್ವಾಮಿಯವರು ಯಾವುದೋ ಮಂತ್ರಾಲಯದಲ್ಲಿ ಗುಮಾಸ್ತರಾಗಿ ಸೇರಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಆರ್.ಕೆ. ಪುರಂನ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಸಂಸಾರ. ಆಮೇಲೆ ಮಗ ಚಂದ್ರಮೋಹನನ ಜೊತೆ ಇಲ್ಲಿಗೆ. ಇಲ್ಲಿಗೆ ಬಂದ ಎರಡನೇ ವರ್ಷ ನಾರಾಯಣಸ್ವಾಮಿ ತೀರಿಕೊಂಡರು.

ಆ ಮನುಷ್ಯ ಒಳ್ಳೆಯವರೇ, ಆದರೆ ಅವರ ಎಲ್‌ಟಿಸಿ ಎಂದರೆ ದೇವಸ್ಥಾನ. ರಾಮೇಶ್ವರ, ಪುರಿ, ದ್ವಾರಕೆ. ಸರ್ಕಾರ ಟಿಕೆಟ್ ಕೊಟ್ಟಾಗಲೆಲ್ಲ ದೇವರಿಗೆ ಹಾಜರಿ. ಒಂದು ಸಲ ಅರುಣಾಚಲದ ಪರಶುರಾಮ ಕುಂಡಕ್ಕೂ ಹೋದರು. ದಾರಿಯಲ್ಲಿ ಕಾಡಿನ ನಡುವೆ ಬಸ್ಸು ಪಂಕ್ಚರ್ ಆಯಿತು. ಎಲ್ಲರೂ ಟೈರಿನ ಸುತ್ತ ನಿಂತಾಗ ವಿಜಯಮ್ಮ ಸುಮ್ಮನೆ ಮರಗಳ ಒಳಗೆ ನಡೆದರು.

"ಏನು ಕತ್ತಲೆ ಅಂತೀರಿ ಶಾರದಮ್ಮಾ, ಮಟಮಟ ಮಧ್ಯಾಹ್ನ!" ಎಂದು ನನ್ನ ಅಡುಗೆಮನೆಯಲ್ಲಿ ಕೂತು ಎಷ್ಟೋ ಸಲ ಹೇಳಿದ್ದಾರೆ. "ಮರದ ಮೇಲೆ ಮರ, ಅದರ ಮೇಲೆ ಬಳ್ಳಿ. ಮೈಮೇಲೆಲ್ಲ ಬೆವರು, ಆದ್ರೂ ತಂಪು. ಅಷ್ಟೊತ್ತಿಗೆ ತಲೆ ಮೇಲೆ ಉಗಿಬಂಡಿ ಹೋದ ಹಾಗೆ ಸದ್ದು. ನೋಡಿದ್ರೆ ಹಕ್ಕಿ! ಇಷ್ಟುದ್ದ ಕೊಕ್ಕು. ಇನ್ನೊಂದು ಸಲ ಬರುತ್ತೇನೋ ಅಂತ ನಿಂತೆ. ಇವರು ಹಿಂದಿಂದ ‘ಜಿಗಣೆ ಇರುತ್ತೆ, ಬಾರೇ’ ಅಂತ ಕೂಗಿದ್ರು. ಬಂದುಬಿಟ್ಟೆ."

ಆ "ಬಂದುಬಿಟ್ಟೆ" ಎನ್ನುವಾಗ ಅವರ ಮುಖ ನೋಡಬೇಕಿತ್ತು. ಇಪ್ಪತ್ತು ವರ್ಷದ ಹಿಂದಿನ ಪಂಕ್ಚರ್ ಅದು. ಪರಶುರಾಮ ಕುಂಡ ಹೇಗಿತ್ತೆಂದು ಕೇಳಿದರೆ ನೆನಪಿಲ್ಲ ಎನ್ನುತ್ತಿದ್ದರು.

ನಮ್ಮ ಹಿಂದಿನ ಕೋಣೆಯಲ್ಲಿ ಆಗ ಮೈತ್ರೇಯಿ ಎಂಬ ದಾವಣಗೆರೆಯ ಹುಡುಗಿ ಬಾಡಿಗೆಗಿದ್ದಳು. ಪಕ್ಕದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಎರಡು ವರ್ಷ ಅರುಣಾಚಲದ ಮಳೆಕಾಡಿನ ಒಂದು ಅಧ್ಯಯನ ಕೇಂದ್ರದಲ್ಲಿದ್ದು ಬಂದಿದ್ದಳು. ಕಾಫಿ ಕುಡಿಯುತ್ತಾ ಅಲ್ಲಿನ ಫೋಟೋ ತೋರಿಸಿದಳು. ವಿಜಯಮ್ಮನ ಹಕ್ಕಿ ಅದರಲ್ಲಿತ್ತು: ಮಂಗಟ್ಟೆ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಂಡು ಮೊಟ್ಟೆಯಿಡುತ್ತದಂತೆ. ಮರಿ ದೊಡ್ಡದಾಗುವವರೆಗೆ ತಿಂಗಳುಗಟ್ಟಲೆ ಗಂಡು ಹಣ್ಣು ಹೊತ್ತು ತಂದು ಉಣಿಸುತ್ತದಂತೆ.

"ಅಂಥ ಗಂಡಸನ್ನ ನೋಡೋಕಾದ್ರೂ ಹೋಗಬೇಕು ಕಣೇ" ಎಂದರು ವಿಜಯಮ್ಮ. ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದ ನಮ್ಮ ಯಜಮಾನರಿಗೂ ಕೇಳಿಸಲಿ ಎಂದು ನಾನು ಗಟ್ಟಿಯಾಗಿಯೇ ನಕ್ಕೆ.

ನಾವು ತಮಾಷೆ ಎಂದುಕೊಂಡೆವು. ಅವರಿಗೆ ತಮಾಷೆಯಾಗಿರಲಿಲ್ಲ. ಆ ಮರಗಳ ಕೆಳಗೆ ಹಕ್ಕಿಗಳು ಉಗುಳಿದ ಬೀಜ ಹೆಕ್ಕಿ, ಸಸಿ ಮಾಡಿ, ಹಿಂದೆ ಮರ ಕಡಿದು ಬೋಳಾದ ಜಾಗದಲ್ಲಿ ನೆಡುವುದು ಆ ಕೇಂದ್ರದ ಕೆಲಸ. ಮಾರ್ಚಿಯಿಂದ ಮೇವರೆಗೆ ಸ್ವಯಂಸೇವಕರು ಬೇಕು ಎಂದು ಮೈತ್ರೇಯಿ ಹೇಳಿದ್ದಳು. ವಾರ ಕಳೆದು ವಿಜಯಮ್ಮ ಬಂದು, "ನನ್ನನ್ನ ಸೇರಿಸ್ಕೋತಾರಾ ಕೇಳು" ಎಂದರು. ಮೈತ್ರೇಯಿ ಕೇಳಿದಳು. ಸೇರಿಸಿಕೊಳ್ಳುತ್ತೇವೆ, ಆದರೆ ಅರವತ್ತು ದಾಟಿದವರಾದ್ದರಿಂದ ಮನೆಯವರೊಬ್ಬರು ಫೋನಿನಲ್ಲಿ ಒಪ್ಪಿಗೆ ಹೇಳಬೇಕು ಎಂದರು ಅಲ್ಲಿಯವರು. ಮನೆಯವರು ಎಂದರೆ ಚಂದ್ರಮೋಹನ. ಅವನ ಒಂದು ಹೂಂ ಸಿಕ್ಕಿದರೆ ಕಾಡು, ಇಲ್ಲದಿದ್ದರೆ ಬಕೆಟ್ಟು.

ಭಾನುವಾರ ಮಗನನ್ನು ಕೇಳುವಾಗ ಜೊತೆಗಿರಲಿ ಎಂದು ನನ್ನನ್ನೂ ಕರೆದರು. ಚಂದ್ರಮೋಹನ ಗುರ್‌ಗಾಂವ್‌ನ ಕಂಪನಿಯೊಂದರಲ್ಲಿ ಮ್ಯಾನೇಜರ್. ಕೆಟ್ಟವನಲ್ಲ, ಅಮ್ಮನಿಗೆ ಬಿಪಿ ಮಾತ್ರೆ ತಪ್ಪದೆ ತರುವವನು. ಮಾತು ಕೇಳಿ ಮೊದಲು ನಕ್ಕ, ಆಮೇಲೆ ಸಿಡುಕಿದ.

"ಅಮ್ಮಾ, ಅರವತ್ತಕ್ಕೆ ಅರಳು ಮರಳು ಅನ್ನೋದು ಸುಳ್ಳಲ್ಲ ನೋಡು. ಮಂಡಿ ನೋವು ಅಂತೀಯ, ಬಿಪಿ ಇದೆ. ಬೆಟ್ಟ ಹತ್ತೋ ವಯಸ್ಸಾ ಇದು? ಮಗ ಅಮ್ಮನ್ನ ಕಾಡಿಗೆ ಅಟ್ಟಿದ ಅಂತಾರೆ ಜನ."

"ನಾನೇ ಹೋಗ್ತಿರೋದು ಕಣೋ, ನೀನೇನು ಅಟ್ಟೋದು?"

ಸೊಸೆ ಶೈಲಜಾ ನೆಹರೂ ಪ್ಲೇಸಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ. "ಅತ್ತೆ, ಏಪ್ರಿಲ್ ಮೇನಲ್ಲಿ ನೀರಿನ ಪ್ರಾಬ್ಲಮ್ ಎಷ್ಟಿರುತ್ತೆ ನಿಮಗೇ ಗೊತ್ತಲ್ಲ. ನಾನು ಹೊರಡೋ ಹೊತ್ತಿಗೇ ಟ್ಯಾಂಕರ್ ಬರುತ್ತೆ. ನೀವಿಲ್ದೆ ಹೇಗೆ?" ಎಂದಳು. ನಿಜ ಹೇಳಿದ್ದಕ್ಕೆ ನನಗೆ ಅವಳ ಮೇಲೆ ಕೋಪ ಬರಲಿಲ್ಲ. ಕೋಪ ಬಂದದ್ದು ಬೇರೆಯದಕ್ಕೆ. ಆ ಹೊತ್ತಿಗೂ ಬಾಗಿಲ ಪಕ್ಕದಲ್ಲಿ ಎರಡು ಬಕೆಟ್ ಒದ್ದೆಯಾಗಿ ನಿಂತಿದ್ದವು. ಬೆಳಿಗ್ಗೆ ಅವನ್ನು ಹೊತ್ತ ಕೈ ಯಾವುದು ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

"ಹಾಗಾದ್ರೆ ನನಗೆ ವಯಸ್ಸಾಯ್ತು ಅಂತೀಯ" ಎಂದರು ವಿಜಯಮ್ಮ.

"ಆಯ್ತಲ್ಲಮ್ಮಾ, ಒಪ್ಪಿಕೋ."

"ಸರಿ, ಒಪ್ಪಿಕೊಂಡೆ."

ಇಷ್ಟೇನಾ ಎಂದು ನನಗೆ ಬಹಳ ಬೇಜಾರಾಯಿತು. ಕೆಳಗಿಳಿದು ಬಂದು ನಮ್ಮವರ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಮರುದಿನ ಟ್ಯಾಂಕರ್ ಹಾರ್ನ್ ಹೊಡೆಯಿತು. ವಿಜಯಮ್ಮ ಇಳಿದು ಬಂದರು. ಒಗೆದ ಸೀರೆ, ಮುಡಿದ ಹೂವು, ಬರಿಗೈ. "ಶಾರದಮ್ಮಾ, ಒಂದು ಕುರ್ಚಿ ಕೊಡಿ" ಎಂದು ನನ್ನ ಪ್ಲಾಸ್ಟಿಕ್ ಕುರ್ಚಿ ಇಸಿದುಕೊಂಡು, ಟ್ಯಾಂಕರಿಗೆ ಎದುರಾಗಿ ಬೇವಿನ ಮರದ ಕೆಳಗೆ ಹಾಕಿಕೊಂಡು ಕೂತರು.

ಕೈಯಲ್ಲಿ ಬಕೆಟ್ ಇಲ್ಲದ್ದು ಕಂಡು ಟ್ಯಾಂಕರಿನವನಿಗೇ ಆಶ್ಚರ್ಯ. "ಮಾತಾಜೀ, ಆಜ್ ಬಾಲ್ಟಿ ನಹೀಂ?"

"ನಹೀಂ ಭಯ್ಯಾ. ಬೂಢೀ ಹೋ ಗಯೀ. ಕಲ್ ಹೀ ಹುಯೀ ಹೂಂ."

ನಿನ್ನೆಯಷ್ಟೇ ಮುದುಕಿಯಾದೆ ಎಂದು ಅವರು ಹೇಳಿದ ಗತ್ತಿಗೆ ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮೂರನೇ ಮಹಡಿಯ ಬಾಲ್ಕನಿಯಿಂದ ಚಂದ್ರಮೋಹನ ಬಗ್ಗಿ, "ಅಮ್ಮಾ, ಟ್ಯಾಂಕರ್ ಹೊರಟುಬಿಡುತ್ತೆ!" ಎಂದು ಕೂಗಿದ.

"ಕಾಣಿಸ್ತಿದೆ ಕಣೋ. ನನಗೆ ವಯಸ್ಸಾಗಿದೆ. ಬೇಕಾದ್ರೆ ನೀನೇ ಬಾ."

ಬಂದ. ಇಸ್ತ್ರಿ ಮಾಡಿದ ಶರ್ಟು, ಆಫೀಸಿನ ಬೂಟು. ಮೊದಲನೇ ಮಹಡಿವರೆಗೆ ಜೋರಾಗಿಯೇ ಹತ್ತಿದ. ಎರಡನೆಯದರಲ್ಲಿ ಬಕೆಟ್ ಇಳಿಸಿ ಗೋಡೆಗೆ ಒರಗಿ ನಿಂತ. ಮೆಟ್ಟಿಲಿನ ಕಿಟಕಿಯ ಜಾಲರಿಯಿಂದ ಎಲ್ಲರಿಗೂ ಕಾಣುತ್ತಿತ್ತು. ಎರಡು ಸಲ ಹೋಗಿ ಬರುವಷ್ಟರಲ್ಲಿ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತ್ತು, ಗುರ್‌ಗಾಂವ್‌ನ ಕ್ಯಾಬ್ ಬಂದು ಹಾರ್ನ್ ಹೊಡೆಯುತ್ತಿತ್ತು. ವಿಜಯಮ್ಮ ಕುರ್ಚಿಯಲ್ಲೇ ಕೂತು ನೋಡಿದರು. ಅವರ ಕಣ್ಣಲ್ಲಿ ಗೆಲುವಿರಲಿಲ್ಲ. ಮಗ ಏದುಸಿರು ಬಿಡುವುದನ್ನು ನೋಡಿ ಎದ್ದುಬಿಡುತ್ತಾರೇನೋ ಎಂದು ನಾನು ಹೆದರಿದ್ದೆ. ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದು ಕೂತರು, ಏಳಲಿಲ್ಲ.

ಮಂಗಳವಾರವೂ ಕೂತರು. ಬುಧವಾರ ಎದುರು ಬ್ಲಾಕಿನ ಪಂಜಾಬಿ ಅಜ್ಜಿ ಮೋಢಾ ಎನ್ನುವ ತನ್ನ ಬೆತ್ತದ ಪೀಠ ತಂದು ಪಕ್ಕದಲ್ಲಿ ಹಾಕಿಕೊಂಡಳು. ಮೂರನೇ ಮಹಡಿಯ ಇನ್ನೊಬ್ಬ ಬಂಗಾಳಿ ವಿಧವೆಯೂ ಬಂದಳು. ನನ್ನ ಮನೆಯ ಕುರ್ಚಿಗಳು ಮುಗಿದವು. ಬ್ಲಾಕಿನ ಗಂಡಸರು ಪೈಜಾಮ ಮಡಚಿಕೊಂಡು ಬಕೆಟ್ ಹಿಡಿದು ಸಾಲಿನಲ್ಲಿ ನಿಂತರು. ಆ ನೋಟಕ್ಕಾಗಿ ನಾನು ಬೆಳಗಿನ ಪೂಜೆಯನ್ನು ಮುಂದೂಡುತ್ತಿದ್ದೆ.

ನಮ್ಮ ಯಜಮಾನರಿಗೆ ಇದು ಸರಿಬರಲಿಲ್ಲ. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅನ್ನೋ ವಯಸ್ಸಲ್ಲಿ ಇದೇನು ಹಠ ವಿಜಯಮ್ಮಾ?" ಎಂದರು.

"ಕಾಡು ಬಾ ಅಂತಾನೇ ಇದೆ ಸ್ವಾಮಿ" ಎಂದರು ವಿಜಯಮ್ಮ. "ಬೇಡ ಅಂತಿರೋನು ನನ್ನ ಮಗ."

ಮನೆಯೊಳಗೆ ಸುಲಭವಿರಲಿಲ್ಲ. ಬಟ್ಟೆಯ ರಾಶಿ ಬಿತ್ತು. ಮೊಮ್ಮಗಳು ಅನನ್ಯಾ ತಲೆಸ್ನಾನವಿಲ್ಲದೆ ಸ್ಕೂಲಿಗೆ ಹೋದಳು. ಮಗ ಅಮ್ಮನ ಜೊತೆ ಮಾತು ಬಿಟ್ಟ. ವಿಜಯಮ್ಮ ಅಡುಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ನೀರು ಮಾತ್ರ ಹೊರುತ್ತಿರಲಿಲ್ಲ. ನನ್ನ ಮನೆಗೆ ಬಂದು ಒಂದು ಸಂಜೆ ಅತ್ತರು. "ನಾನು ತಪ್ಪು ಮಾಡ್ತಿದೀನಾ?" ಎಂದರು. ಖಂಡಿತ ಇಲ್ಲ ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ಇವತ್ತಿಗೂ ಅದನ್ನೇ ಹೇಳುತ್ತೇನೆ.

ಮುಂದಿನ ಶನಿವಾರ ಚಂದ್ರಮೋಹನ ನೀರು ಹೊರಲು ಒಬ್ಬ ಆಳನ್ನು ಗೊತ್ತುಮಾಡಿದ. ನಮ್ಮ ಮನೆಗೆ ಬಂದು, ಕೂತಿದ್ದ ಅಮ್ಮನಿಗೆ ಹೇಳಿದ. "ನಾಳೆಯಿಂದ ಆಳು ಬರ್ತಾನೆ. ನೀನಿನ್ನು ಒಂದು ಚೊಂಬೂ ಎತ್ತಬೇಡ. ಆಯ್ತಾ? ಮುಗೀತಾ?"

"ಒಳ್ಳೇದಾಯ್ತು. ಹಾಗಾದ್ರೆ ನೀರಿಗೂ ನಾನು ಬೇಕಿಲ್ಲ. ಇನ್ನು ಹೋಗೋಕೆ ಏನಡ್ಡಿ?"

ಅಲ್ಲೇ ದೊಪ್ಪನೆ ಕೂತ. ನಲವತ್ತರ ಗಂಡಸು, ಧ್ವನಿ ಚಿಕ್ಕ ಹುಡುಗನದಾಯಿತು. "ಅಪ್ಪನೂ ಹೋದ್ರು. ಅಲ್ಲಿ ನಿನಗೇನಾದ್ರೂ ಆದ್ರೆ ನಾನು ಬಂದು ಸೇರೋಕೆ ಮೂರು ದಿನ ಬೇಕು. ನನಗೆ ಭಯ ಆಗುತ್ತಮ್ಮಾ."

ನನ್ನ ಸಿಟ್ಟೂ ಆ ಹೊತ್ತಿಗೆ ಇಳಿಯಿತು. ವಿಜಯಮ್ಮ ಎದ್ದು ಅವನ ತಲೆಯ ಮೇಲೆ ಕೈಯಿಟ್ಟರು. ಇನ್ನೇನು, ಆಯಿತು ಹೋಗಲ್ಲ ಬಿಡು ಎನ್ನುತ್ತಾರೆ ಎಂದುಕೊಂಡೆ. ಎಷ್ಟು ತಾಯಂದಿರನ್ನು ನೋಡಿಲ್ಲ ನಾನು!

"ಭಯ ಇರಲಿ" ಎಂದರು. "ನೀನು ಮೊದಲನೇ ಸಲ ಒಬ್ಬನೇ ಡಿಟಿಸಿ ಬಸ್ಸು ಹತ್ತಿ ಕಾಲೇಜಿಗೆ ಹೋದಾಗ ನನಗೂ ಭಯ ಇತ್ತು. ಹೋಗಿ ಬಾ ಅಂದೆ. ನೀನೂ ಭಯ ಇಟ್ಟುಕೊಂಡೇ ಹೂಂ ಅನ್ನು."

ಮೈತ್ರೇಯಿ ಕೇಂದ್ರದ ಆಫೀಸಿನ ನಂಬರ್ ಒತ್ತಿ ಫೋನನ್ನು ಅವನ ಕೈಗೆ ಕೊಟ್ಟಳು. ಅವನು, "ಯೆಸ್, ಷಿ ಕ್ಯಾನ್ ಕಮ್" ಎಂದ. ಆಮೇಲೆ ಬಿಪಿ ಮಾತ್ರೆಯ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದ.

ಮಾರ್ಚಿಯಲ್ಲಿ ವಿಜಯಮ್ಮ ರೈಲು ಹತ್ತಿದರು. ಕಾಡಿನಿಂದ ಪೇಟೆಗೆ ಜೀಪು ಬರುವುದು ಭಾನುವಾರ ಮಾತ್ರ. ಅಲ್ಲಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತೇನೆ ಎಂದಿದ್ದರು. ಬೆಳಿಗ್ಗೆ ಮನೆಯಲ್ಲಿ ನೀರಿನ ಗಲಾಟೆ ಎಂದು ನನ್ನ ಮನೆಯ ನಂಬರಿಗೆ ಮಾಡಿದರು. ಆಳು ಹೋಳಿ ಹಬ್ಬಕ್ಕೆಂದು ಊರಿಗೆ ಹೋದವನು ಮರಳಿರಲಿಲ್ಲ. ಟ್ಯಾಂಕರಿನ ಹತ್ತಿರವಿದ್ದ ಚಂದ್ರಮೋಹನನನ್ನು ಕೂಗಿ ಕರೆದೆ. ಒದ್ದೆ ಕೈಯಲ್ಲೇ ಓಡಿ ಬಂದ. ಸ್ಪೀಕರ್ ಹಾಕಿಕೊಟ್ಟೆ, ನನಗೂ ಕೇಳಬೇಕಿತ್ತು.

ಆರೋಗ್ಯ, ಊಟ, ಜಿಗಣೆ ಎಲ್ಲ ವಿಚಾರಿಸಿದ. ಮಂಗಟ್ಟೆ ಕಂಡಿತಂತೆ, ಒಂದಲ್ಲ, ನಾಲ್ಕು. ಆಮೇಲೆ, "ಅಲ್ಲಿ ನಿನಗೇನು ಕೆಲಸ ಕೊಟ್ಟಿದ್ದಾರಮ್ಮಾ?" ಎಂದ.

"ನೀರು ಹೊರೋದು" ಎಂದರು ವಿಜಯಮ್ಮ. "ಮಳೆ ಹಿಡಿಯೋವರೆಗೆ ಸಸಿಗಳಿಗೆ ತೊರೆಯಿಂದ ತರಬೇಕು. ದಿಬ್ಬ ಹತ್ತಿ."

ಚಂದ್ರಮೋಹನನಿಗೆ ನಗು ಬಂತು, ಸಿಟ್ಟೂ ಬಂತು. "ಇದಕ್ಕೆ ಅಲ್ಲಿವರೆಗೆ ಹೋಗಬೇಕಿತ್ತಾ? ಇಲ್ಲೇ ಹೊರಬಹುದಿತ್ತಲ್ಲಾ?"

"ಇಲ್ಲಿ ಕೆಲಸ ಕೊಡೋಕೆ ಮುಂಚೆ ‘ನಿಮ್ಮ ಕೈಲಿ ಆಗುತ್ತಾ?’ ಅಂತ ಕೇಳಿದ್ರು ಕಣೋ ಚಂದ್ರೂ. ಆಗುತ್ತೆ ಅಂದೆ."

ಫೋನಿನಲ್ಲಿ ಬೇರೆ ಯಾರೋ ಆತುರಪಡಿಸಿದ್ದು ಕೇಳಿತು, ಲೈನು ಹೋಯಿತು. ಅವನು ಕುರ್ಚಿಯಲ್ಲಿ ಕೂತು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕಾಫಿ ಕೊಡಲೇ ಎಂದೆ.

"ಬೇಡ ಆಂಟಿ, ಬಕೆಟ್ ತುಂಬಿಟ್ಟು ಬಂದಿದ್ದೀನಿ" ಎಂದು ಎದ್ದು ಹೋದ.