ಗಡಿ ದಾಟಿದ ಹಗ್ಗ

ಸಾಸಲಿನ ಕಡೆ ಅಪ್ಪಯ್ಯಣ್ಣನಷ್ಟು ಜೋರು ಬಾಯಿ ಇನ್ನೊಬ್ಬರಿಗೆ ಇರಲಿಲ್ಲ. ಆ ಬಾಯಿಗೆ ತಕ್ಕ ಕೆಲಸವೂ ಸಿಕ್ಕಿತ್ತು ಅನ್ನಿ. ದನಕರುಗಳ ರೋಗ ಪರೀಕ್ಷಿಸುವ ಲ್ಯಾಬೊಂದು ಮೊದಲು ಬೆಂಗಳೂರಿನಲ್ಲಿತ್ತು. ಸುತ್ತ ಇಷ್ಟೊಂದು ಜನ, ರೋಗಾಣು ಹೊರಬಿದ್ದರೆ ಗತಿಯೇನು ಎಂದು ಅಲ್ಲಿಯವರು ಗಲಾಟೆ ಎಬ್ಬಿಸಿದ್ದೇ ತಡ, ಅದನ್ನು ತಂದು ಅಪ್ಪಯ್ಯಣ್ಣನ ಊರಿನ ಗಡಿಯಲ್ಲಿ ಕಟ್ಟಿದರು. ಇಲ್ಲಿರುವವರು ಜನರ ಲೆಕ್ಕಕ್ಕೆ ಬರುವುದಿಲ್ಲವಲ್ಲ!

"ಪ್ಯಾಟೆಯವ್ರಿಗೆ ಬ್ಯಾಡವಾದ ರೋಗ ನಮಗ್ಯಾಕ್ಲಾ?" ಎಂದು ಅಪ್ಪಯ್ಯಣ್ಣ ಗೇಟಿನ ಮುಂದೆ ಶಾಮಿಯಾನ ಹಾಕಿಸಿ ಕೂತ. ಆ ಮಾತೇನೂ ತಪ್ಪಲ್ಲ. ತಪ್ಪಿದ್ದು ಆಮೇಲೆ. ಪಕ್ಕದ ಹೋಬಳಿಗೆ ಚರ್ಮಗಂಟು ರೋಗ ಕಾಲಿಟ್ಟಾಗ, ದನಗಳಿಗೆ ಪುಕ್ಕಟೆ ಲಸಿಕೆ ಹಾಕುತ್ತೇವೆಂದು ಲ್ಯಾಬಿನ ಡಾಕ್ಟರ್ ಅಕ್ಷತ ಬಂದಳು. "ಸೂಜೀಲೇ ರೋಗ ತುಂಬ್ಕಂಡ್ ಬಂದವ್ರೆ, ಒಂದು ಕೊಟ್ಟಿಗೆಗೂ ಬಿಡ್ಬ್ಯಾಡ್ರಪ್ಪಾ" ಎಂದು ಕೂಗಿ ಅವಳನ್ನು ಬಂದ ದಾರಿಯಲ್ಲೇ ಸಾಗಹಾಕಿದ.

"ನಮ್ಮ ಕೆಂದಿಗಾದ್ರೂ ಹಾಕಿಸಣ ಕಣ್ರೀ" ಎಂದಳು ಹೆಂಡತಿ ಅಂಜಿನಮ್ಮ. ಕೆಂದಿ ಎಂದರೆ, ತಾಯಿ ಸತ್ತ ಕರುವಾಗಿದ್ದಾಗಿನಿಂದ ಬಾಟಲಿಯಲ್ಲಿ ಹಾಲು ಕುಡಿಸಿ ಅವಳೇ ಸಾಕಿದ ಹಸು. ಯಜಮಾನ ಕೇಳಿದರೆ ತಾನೆ!

ತಿಂಗಳೊಳಗೆ ಕೆಂದಿಯ ಮೈತುಂಬ ಗಂಟು ಎದ್ದವು. ಮೇವು ಬಿಟ್ಟಿತು. ಅಂಜಿನಮ್ಮ ಕೊಟ್ಟಿಗೆಯಲ್ಲೇ ಚಾಪೆ ಹಾಸಿಕೊಂಡಳು. ಲ್ಯಾಬಿಗೆ ಹೋಗಿ ಕೇಳಲು ಅಪ್ಪಯ್ಯಣ್ಣನಿಗೆ ಮುಖ ಬೇಕಲ್ಲ, ಅಜ್ಜನ ಕಾಲದ ದಾರಿ ಹಿಡಿದ. ರೋಗ ಬಂದರೆ ಮಾರಿಯನ್ನು ಗಡಿ ದಾಟಿಸುವುದು ಆ ಊರಿನ ವಾಡಿಕೆ. ಮೊರದಲ್ಲಿ ಬೇವಿನಸೊಪ್ಪು, ಮೊಸರನ್ನ, ರೋಗ ಬಿದ್ದ ದನದ ಹಗ್ಗ ಇಟ್ಟು, ಗಡಿಯಾಚೆ ಬಿಟ್ಟು, ಹಿಂತಿರುಗಿ ನೋಡದೆ ಬರಬೇಕು. ಆಚೆ ಊರಿನವರ ಪಾಡೇನಾಯಿತೆಂದು ಈಚೆಯವರು ಒಮ್ಮೆಯೂ ಕೇಳಿದ್ದಿಲ್ಲ.

ಈಗ ಗಡಿಯಾಚೆ ಇದ್ದದ್ದು ಲ್ಯಾಬಿನ ಗೇಟು. ಅಪ್ಪಯ್ಯಣ್ಣ ತಮಟೆ ಬಡಿಸಿಕೊಂಡು ಹೋಗಿ, "ಕೆಂದಿ ರೋಗ ತಗಂಡು ಹೋಗು ತಾಯೀ" ಎಂದು ಮೊರವನ್ನು ಅಲ್ಲೇ ಇಟ್ಟು ಬಂದ. ಕಾವಲಿನವನು ಹೌಹಾರಿ ಸೈರನ್ ಒತ್ತಿದ. ಬಿಳಿ ಉಡುಪಿನವರು ಓಡಿಬಂದು ಹಗ್ಗವನ್ನು ಇಕ್ಕಳದಲ್ಲಿ ಎತ್ತಿ ಒಳಗೊಯ್ದರು. ಲ್ಯಾಬಿನಿಂದ ಊರಿಗೆ ರೋಗ ಬರುತ್ತದೆಂದು ಅರಚಿದ್ದ ಮನುಷ್ಯನೇ ಊರಿನ ರೋಗವನ್ನು ಲ್ಯಾಬಿಗೆ ಹೊತ್ತು ಹಾಕಿದ್ದ!

ಮರುದಿನ ಅಕ್ಷತ ಮತ್ತೆ ಬಂದಳು. "ಹಗ್ಗಕ್ಕೆ ಅಂಟಿದ್ದ ಹಕ್ಕಳೇಲಿ ಚರ್ಮಗಂಟಿನ ವೈರಸ್ ಸಿಕ್ಕಿದೆ ಯಜಮಾನ್ರೇ. ಇವತ್ತೇ ಊರಿನ ದನಗಳಿಗೆಲ್ಲ ಸೂಜಿ ಹಾಕ್ಬೇಕು."

"ನಿಮ್ಮ ಲ್ಯಾಬಿಂದ ಸೋರಾದೇ ಇಲ್ವೇನವ್ವಾ?" ಅಪ್ಪಯ್ಯಣ್ಣ ಸೋತ ದನಿಯಲ್ಲೇ ಕೆಣಕಿದ.

"ಸೋರೋದೇ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಅದಕ್ಕೇ ಒಳಗೆ ಒಂದರ ಹಿಂದೊಂದು ಅಷ್ಟೊಂದು ಬಾಗಿಲು ಇಟ್ಟಿರೋದು."

ಇಂಥ ಉತ್ತರವನ್ನು ಅವನು ನಿರೀಕ್ಷಿಸಿರಲಿಲ್ಲ. ದಾರಿ ಬಿಟ್ಟ. ಊರಿನ ದನಗಳು ಉಳಿದವು. ಕೆಂದಿಗೆ ಮಾತ್ರ ಕಾಲ ಮಿಂಚಿತ್ತು. ಅದನ್ನು ಮಣ್ಣು ಮಾಡಿದ ದಿನ ಅಂಜಿನಮ್ಮ ಬಿಕ್ಕುತ್ತಲೇ ಅಕ್ಷತಳ ಕೈ ಹಿಡಿದು, ಹಗ್ಗವನ್ನಾದರೂ ಕೊಡವ್ವಾ ಎಂದಳು.

"ಸುಟ್ಬಿಟ್ವಿ ಅಮ್ಮಾ. ಒಳಗೆ ಬಂದಿದ್ದು ಹೊರಗೆ ಹೋಗೋ ಹಾಗಿಲ್ಲ."

ಅಪ್ಪಯ್ಯಣ್ಣ ತಲೆಯಾಡಿಸಿದ. "ನಮ್ದೂ ಅದೇ ಕ್ರಮ ಕಣವ್ವ. ಗಡಿ ದಾಟಿದ್ದು ವಾಪಸ್ ಬರಂಗಿಲ್ಲ."

ಊರಿನವರಿಗೆ ಹಗ್ಗ, ವೈರಸ್ಸು ಯಾಕೆ ಬೇಕು? ಅಪ್ಪಯ್ಯಣ್ಣ ಮಾರಿ ಸಾಗಿಸಿದ, ಊರು ಉಳಿಯಿತು ಎಂದು ಅರಳಿಕಟ್ಟೆಯ ಮೇಲೆ ಕೂರಿಸಿ ಹಾರ ಹಾಕಿದರು. ಸುಳ್ಳು ಅನ್ನೋಣವೆಂದರೆ ಪೂರ್ತಿ ಸುಳ್ಳೂ ಅಲ್ಲ. ಅವನು ಬೇಡವೆನ್ನಲಿಲ್ಲ. ಹಾರ ಹಾಕಿಕೊಂಡೇ ಮನೆಗೆ ಬಂದ.

ಅಂಜಿನಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು. ಪೊರಕೆ ಬಿಟ್ಟು ಎದ್ದುಬಂದು ಅವನ ಕೊರಳಿನ ಹಾರ ತೆಗೆದಳು, ಕೆಂದಿ ಕಟ್ಟುತ್ತಿದ್ದ ಗೂಟಕ್ಕೆ ಹಾಕಿದಳು.

"ಊರು ಉಳಿಸ್ದೋಳು ಇವ್ಳು," ಎಂದಳು. "ನೀವು ಸೂಜಿ ಬ್ಯಾಡ ಅಂದೋರು."