ಕೊಟ್ರವ್ವನ ಖಾಲಿ ಅಂಗೈ

ಕೊಟ್ರವ್ವನಿಗೆ ದೇವರು ಒಂದೇ, ಅದೂ ಅಡಿಕೆ ಗಾತ್ರದ್ದು. ಕುಕ್ಕುವಾಡದ ತವರುಮನೆಯಲ್ಲಿ, ಅವಳಿನ್ನೂ ಚಿಕ್ಕವಳಿದ್ದಾಗ ಅಯ್ಯನೋರು ಕೊರಳಿಗೆ ಕಟ್ಟಿದ ಕಪ್ಪನೆಯ ಲಿಂಗ. ಲಿಂಗ ಇಡಲು ಬೆಳ್ಳಿ ಕರಡಿಗೆ ಮಾಡಿಸಿಕೊಡ್ತೀನಿ ಅಂತ ಮಗ ಯೋಗರಾಜ್ ಎಷ್ಟೋ ಸಲ ಕೇಳಿದ್ದ. "ದೇವರಿಗ್ಯಾಕಪ್ಪ ಒಡವೆ?" ಅಂದು ಬಿಳಿ ಅರಿವೆಯಲ್ಲೇ ಗಂಟು ಹಾಕಿ ಎದೆಯ ಮೇಲೆ ಇಳಿಬಿಟ್ಟುಕೊಂಡವಳು ಅವಳು. ಗುಡಿಯ ಮೆಟ್ಟಿಲು ಹತ್ತಲಿಲ್ಲ. ಜಾತಕ ಬರೆಸಲಿಲ್ಲ. ಸೊಸೆ ಪದ್ಮಶ್ರೀ ಕೂಸಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟನ್ನೂ ಸೆರಗಿನ ತುದಿಯಲ್ಲಿ ಒರೆಸಿಹಾಕಿದ್ದಳು.

"ಹರಿಹರದ ಕಾಲೇಜಿನಾಗ ಮನಸ್ಸಿನ ಪಾಠ ಮಾಡೋಳು. ನಿನಗೂ ಈ ಅಂಜಿಕೆನಾ?"

"ನಮ್ಮಮ್ಮ ಇಡು ಅಂದ್ಲು, ಇಟ್ಟೆ ಅತ್ತೆ."

ದೆವ್ವ ಇಲ್ಲ, ದೃಷ್ಟಿ ಇಲ್ಲ ಅನ್ನುವುದರಲ್ಲಿ ಅತ್ತೆ ಸೊಸೆಯದು ಒಂದೇ ಪಕ್ಷ. ಲಿಂಗದ ಮಾತು ಬಂದರೆ ಮಾತ್ರ ಪದ್ಮಶ್ರೀ ಬಾಯಿ ಮುಚ್ಚಿಕೊಂಡು ಸೊಪ್ಪು ಸೋಸುತ್ತಿದ್ದಳು.

ಅವತ್ತು ದಾವಣಗೆರೆಯಲ್ಲಿ ಕೂಸಿಗೆ ಚುಚ್ಚುಮದ್ದು ಹಾಕಿಸಿಕೊಂಡು, ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಸೊಸೆ ತಮ್ಮೂರು ಭಾನುವಳ್ಳಿಯ ಬಸ್ಸಿಗೆ ಕಾಯುತ್ತಿದ್ದರು. ಕೊಟ್ರವ್ವನ ಕೈ ಎದೆಗೆ ಹೋದದ್ದು ಅಲ್ಲೇ ನಿಂತುಬಿಟ್ಟಿತು. ಅರಿವೆ ಇತ್ತು. ಗಂಟು ಬಿಚ್ಚಿತ್ತು. ಒಳಗೆ ಏನೂ ಇರಲಿಲ್ಲ.

ಇಳಿದುಬಂದ ಬಸ್ಸಿನ ಸೀಟುಗಳ ಕೆಳಗೆಲ್ಲ ತಡಕಿದರು. ಅಲ್ಲೇ ಬಾಳೆಹಣ್ಣು ಮಾರುತ್ತಿದ್ದ ನೌಮಾನ್ ತನ್ನ ತಳ್ಳುಗಾಡಿ ಸರಿಸಿ, ಮೊಬೈಲ್ ಬೆಳಕು ಬಿಟ್ಟು ಹುಡುಕಿದ. "ಕೂಡ್ರಿ ಅಜ್ಜಿ, ಮೊದಲು ನೀರು ಕುಡೀರಿ" ಎಂದು ಬಾಟಲಿ ಚಾಚಿದ. ಕೊಟ್ರವ್ವ ತಲೆ ಅಲ್ಲಾಡಿಸಿದಳು. ಲಿಂಗ ಮೈಮೇಲೆ ಇಲ್ಲದಾಗ ಗಂಟಲಲ್ಲಿ ನೀರೂ ಇಳಿಯಬಾರದು. ಅದು ಅವಳು ಹಿಡಿದ ನೇಮ.

ಮರುದಿನ ಊರ ಮಠದ ಅಯ್ಯನೋರು ಹೊಸ ಲಿಂಗ ತಂದರು. "ತಾಯಿ, ಈಗಿನ ಕಾಲದಾಗ ಯಾರೂ ಹಿಂಗೆ ಹಟ ಹಿಡಿಯಂಗಿಲ್ಲ. ಕಟ್ಟಿಕೊಳ್ರಿ."

"ಸಿಟ್ಟಾಗಬ್ಯಾಡ್ರಿ. ಈ ಜೀವಕ್ಕೆ ಮೊದಲು ಕಟ್ಟಿದ ಆ ಲಿಂಗ ಒಬ್ಬನೇ ಗಂಡ ಅಂತ ಹೇಳಿಕೊಟ್ಟೋರು ನಿಮ್ಮ ಹಿರೇರೇ ಅಲ್ಲೇನ್ರಿ?"

ಅಯ್ಯನೋರು ಅದನ್ನು ಗೋಡೆಯ ಗೂಡಿನಲ್ಲಿಟ್ಟು ಹೊರಟುಹೋದರು. ಸಂಜೆಗೆ ಅವ್ವನನ್ನು ಎತ್ತಿಕೊಂಡಾದರೂ ಆಸ್ಪತ್ರೆಗೆ ಒಯ್ಯುತ್ತೇನೆಂದು ಯೋಗರಾಜ್ ಗಾಡಿ ಗೊತ್ತುಮಾಡಲು ಹೋದ. ಕೊಟ್ರವ್ವನ ತುಟಿ ಒಡೆದಿತ್ತು, ನಾಲಿಗೆ ಬಾಯಿಗೆ ಅಂಟುತ್ತಿತ್ತು.

ಆಗಲೇ ಪದ್ಮಶ್ರೀ ಅದನ್ನು ಕಂಡಿದ್ದು. ಕೊಟ್ರವ್ವ ಗೋಡೆಗೆ ಮುಖ ಮಾಡಿ ಪೂಜೆಗೆ ಕೂತಿದ್ದಳು. ಎಡಗೈ ಎದೆಯ ಮಟ್ಟಕ್ಕೆ ಎತ್ತಿ, ಖಾಲಿ ಅಂಗೈಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಬಲಗೈ ಬೆರಳು ಆ ಅಂಗೈಯ ನಡುವೆ ದುಂಡಗೆ ಸುತ್ತುತ್ತಿತ್ತು, ಎಲ್ಲಿಯೂ ಒಳಕ್ಕೆ ಜಾರದೆ. ವಿಭೂತಿ ಹಚ್ಚುವಾಗ ಬೆರಳು ಅಂಗೈಗೆ ತಾಗದೆ ಒಂಚೂರು ಮೇಲೆಯೇ ನಿಂತಿತು. ಪಕ್ಕದಲ್ಲಿದ್ದ ಕೂಸು ಅಳುವುದನ್ನು ನಿಲ್ಲಿಸಿ ಅಲ್ಲೇ ನೋಡುತ್ತಿತ್ತು.

"ಅತ್ತೆ, ಏನು ಮಾಡ್ತಿದೀರಿ?"

"ಕಾಣ್ತೈತೆ, ಪದ್ಮಾ."

ನೀರು ಕುಡಿಸಲು ದಾರಿ ಸಿಕ್ಕಿತೆಂದು ಪದ್ಮಶ್ರೀ ಹತ್ತಿರ ಕೂತಳು. "ನೋಡ್ರಿ, ನೋಡೋದು ಕಣ್ಣಲ್ಲ, ಮೆದುಳು. ಇಷ್ಟು ವರ್ಷ ಒಂದನ್ನೇ ನೋಡಿ ನೋಡಿ, ಅದು ಇಲ್ಲದಿದ್ರೂ ತಾನೇ ಬರಕೊಳ್ತೈತೆ. ನಿಮ್ಮದು ನಿಮ್ಮ ಒಳಗೇ ಐತೆ. ಕಳೆದಿಲ್ಲ. ನೀರು ಕುಡೀರಿ."

ಕೊಟ್ರವ್ವನ ಬೆರಳು ನಿಂತಿತು. ಮುಖದಲ್ಲಿದ್ದ ಬೆಳಕೆಲ್ಲ ಇಳಿಯಿತು.

"ಹಂಗಾದ್ರೆ ಇಷ್ಟು ವರ್ಷ ನಾ ನೋಡಿದ್ದೂ ನನ್ನ ಮೆದುಳನ್ನೇ ಏನು?"

ಬದುಕಿಸಲೆಂದು ಪದ್ಮಶ್ರೀ ಆಡಿದ ಮಾತು ಅತ್ತೆಗೆ ಉಳಿದಿದ್ದ ಒಂದನ್ನೂ ಕಿತ್ತುಕೊಂಡಿತ್ತು. ಕೊಟ್ರವ್ವ ಕೈಯನ್ನು ತೊಡೆಯ ಮೇಲೆ ಹಾಗೇ ಚಾಚಿ ಬಿಟ್ಟು ಕಣ್ಣು ಮುಚ್ಚಿದಳು. "ಸಾಕು. ಇನ್ನು ನೀರಿನ ಮಾತು ಬ್ಯಾಡ."

ಕೂಸು ಅಂಬೆಗಾಲಿಟ್ಟು ಬಂತು. ಚಾಚಿದ ಅಂಗೈಯ ನಡುವಿನಿಂದ ಎರಡು ಬೆರಳಲ್ಲಿ ಏನನ್ನೋ ಹೆಕ್ಕಿತು. ಬಾಯಿಗೆ ಹಾಕಿಕೊಂಡಿತು. ಒಂದು ಕೆನ್ನೆ ಉಬ್ಬಿತು.

"ಅಯ್ಯಯ್ಯೋ! ಉಗುಳೇ, ಉಗುಳು!" ಪದ್ಮಶ್ರೀ ಕೂಸನ್ನು ಬಾಚಿಕೊಂಡು ಬೋರಲು ಮಾಡಿ ಬಾಯಿಗೆ ಬೆರಳು ಹಾಕಿದಳು. ತಣ್ಣನೆಯದು, ನುಣ್ಣನೆಯದು ಬೆರಳ ತುದಿಗೆ ತಾಗಿ ಇನ್ನೊಂದು ಕೆನ್ನೆಗೆ ಹೊರಳಿತು. ಅಲ್ಲೂ ಬೆರಳಾಡಿಸಿದಳು. ಹೊರಗೆ ಬಂದದ್ದು ಬರೀ ಜೊಲ್ಲು.

ತಲೆ ಎತ್ತಿದರೆ ಕೊಟ್ರವ್ವ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು.

"ಏನು ಹುಡುಕಿದಿ?"

"ಕೂಸು ಬಾಯಿಗೆ ಹಾಕ್ಕೊಂತು..."

"ಏನನ್ನ?"

ಪದ್ಮಶ್ರೀ ಜೊಲ್ಲಾದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಮೆದುಳು ಬರೆದಿದ್ದಕ್ಕೆ ಯಾರಾದ್ರೂ ಬೆರಳು ಹಾಕಿ ತೆಗೀತಾರೇನೇ ಹುಚ್ಚಿ?" ಒಡೆದ ತುಟಿಯಲ್ಲಿ ರಕ್ತ ಜಿನುಗುವಷ್ಟು ನಕ್ಕಳು ಮುದುಕಿ. ಆಮೇಲೆ ಎಡಗೈಯನ್ನು ಮೆಲ್ಲಗೆ ಮುಷ್ಟಿ ಮಾಡಿಕೊಂಡು ಎದೆಗೊತ್ತಿಕೊಂಡಳು. "ಇಲ್ಲೇ ಐತೆ. ತಾ, ನೀರು ತಾ."

ಅಯ್ಯನೋರು ಕೊಟ್ಟದ್ದು ಇವತ್ತಿಗೂ ಗೂಡಿನಲ್ಲೇ ಇದೆ. ಕೊಟ್ರವ್ವ ದಿನಾ ಖಾಲಿ ಕೈಯಲ್ಲೇ ಪೂಜೆಗೆ ಕೂರುತ್ತಾಳೆ, ಆಮೇಲೆ ಹೊಟ್ಟೆ ತುಂಬ ಉಣ್ಣುತ್ತಾಳೆ. ಪದ್ಮಶ್ರೀ ಹಾಲು ಕುಡಿಸುವ ಮೊದಲು ಕೂಸಿನ ಬಾಯೊಳಗೆ ಒಮ್ಮೆ ಬೆರಳಾಡಿಸಿ ನೋಡುತ್ತಾಳೆ, ಅಷ್ಟೇ. ಹಲ್ಲು ಬಂತೇನೋ ಅಂತ ನೋಡಿದೆ ಅನ್ನುತ್ತಾಳೆ ಗಂಡನಿಗೆ.

ಅವತ್ತು ಬೆರಳಿಗೆ ಅದು ತಾಗಿದಾಗ ಕೂಸಿಗೆ ಇನ್ನೂ ಒಂದು ಹಲ್ಲೂ ಬಂದಿರಲಿಲ್ಲ.